ಆಟಿಕೆಯ ಸೀಸವನ್ನು ಎಲ್ಲಿ ಹಿಡಿಯಬೇಕು?

2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಸೀಸದ ವಿಷವೇರಿ ತೀರಿಕೊಂಡ. ಮೊದಲು ವಾಂತಿ ಎಂದು ಆಸ್ಪತ್ರೆಗೆ ತಂದಾಗ ಹೊಟ್ಟೆಯ ಸೋಂಕು ಎಂದೇ ಎಲ್ಲರೂ ಭಾವಿಸಿದ್ದರು. ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 180 ಮೈಕ್ರೊಗ್ರಾಂ ಸೀಸವಿದೆ ಎಂದು ಗೊತ್ತಾಗುವ ಹೊತ್ತಿಗೆ ಮಿದುಳು ಊದಿಕೊಂಡಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯಿಂದ ಹೃದಯದಾಕಾರದ ಪುಟ್ಟ ಪದಕವೊಂದು ಹೊರಬಂತು. ಮಕ್ಕಳ ಶೂ ಕೊಂಡವರಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಕೈಬಳೆಗೆ ತೂಗುಹಾಕಿದ್ದ ಪದಕ ಅದು. ಅದರ ಲೋಹದಲ್ಲಿ ಶೇ 99ರಷ್ಟು ಸೀಸವೇ ಇತ್ತು. ಸುಮಾರು 3 ಲಕ್ಷ ಕೈಬಳೆಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆದರು. ಇಲ್ಲಿಗೇ ಮುಗಿದಿದ್ದರೆ ಇದೊಂದು ದಾರುಣ ಸುದ್ದಿ ಅಷ್ಟೇ. ಆದರೆ ತನಿಖೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಅದೇ ಮಾದರಿಯ ಬೇರೆ ಪದಕಗಳನ್ನು ಪರೀಕ್ಷಿಸಿದಾಗ ಒಂದರಲ್ಲಿ ಸುಮಾರು ಮೂರನೇ ಎರಡು ಪಾಲು ಸೀಸವಿದ್ದರೆ, ಇನ್ನೊಂದರಲ್ಲಿ ಶೇ 1ರಷ್ಟೂ ಇರಲಿಲ್ಲ. ಆ ಕೊನೆಯ ಪದಕವೇ ಮಾದರಿಯಾಗಿ ಪ್ರಯೋಗಾಲಯಕ್ಕೆ ಹೋಗಿದ್ದರೆ ಇಡೀ ಸರಕಿನ ಚಿತ್ರವೇ ಬೇರೆಯಾಗಿ ಕಾಣುತ್ತಿತ್ತು.

ಮಕ್ಕಳ ವಸ್ತುಗಳಲ್ಲಿ ಸೀಸ ಪತ್ತೆಹಚ್ಚುವ ವ್ಯವಸ್ಥೆಯ ಮೂಲ ತೊಡಕು ಇದೇ. ಪ್ರಮಾಣಪತ್ರ ಹೇಳುವುದು ಪರೀಕ್ಷೆಗೆ ಹೋದ ಗೊಂಬೆಯ ಕಥೆಯನ್ನು. ಮಗುವಿನ ಬಾಯಿಗೆ ಹೋಗುವುದು ಬೇರೊಂದು ಗೊಂಬೆ. ಜಗತ್ತಿನ ಬಹುಪಾಲು ಕಾನೂನುಗಳು ಈ ಎರಡರ ನಡುವಿನ ಅಂತರವನ್ನು ಕಾಗದದಿಂದ ತುಂಬಲು ನೋಡಿವೆ. ಹೊಸ ಆಟಿಕೆ ಅಂಗಡಿಗೆ ಹೋಗುವ ಮುನ್ನ ಒಂದು ಮಾದರಿಯನ್ನು ಪರೀಕ್ಷಿಸಿ, ಮುದ್ರೆ ಒತ್ತಿ, ಕಡತ ಮುಚ್ಚುವುದು ಈಗಿನ ಪದ್ಧತಿ. ಅದು ಬೇಡ ಎಂದಲ್ಲ. ಪರೀಕ್ಷೆಗೆ ವೆಚ್ಚವಾಗುವ ಹಣ ಮತ್ತು ಶ್ರಮದ ದೊಡ್ಡ ಪಾಲು ಬೀಳಬೇಕಾದ ಜಾಗ ಮಾತ್ರ ಅದಲ್ಲ. ಒಂದು ಕಡೆ ಬಣ್ಣ, ಪ್ಲಾಸ್ಟಿಕ್, ಲೋಹ ಕಾರ್ಖಾನೆಯ ಬಾಗಿಲು ದಾಟುವಲ್ಲಿ, ಇನ್ನೊಂದು ಕಡೆ ಅಂಗಡಿಯ ಕಪಾಟಿನಲ್ಲಿ, ಯಾರಿಗೂ ಹೇಳದೆ ಕೇಳದೆ ಪರೀಕ್ಷೆ ನಡೆಯಬೇಕು.

ಮೊದಲು ಎಷ್ಟು ಸೀಸ ಹೆಚ್ಚು ಎಂಬುದನ್ನು ನೋಡೋಣ. ಅಮೆರಿಕದಲ್ಲಿ ಆಟಿಕೆಯ ಬಣ್ಣಕ್ಕೆ ಇರುವ ಮಿತಿ 90 ಪಿಪಿಎಂ, ಅಂದರೆ ಒಣಗಿದ ಒಂದು ಕಿಲೊ ಬಣ್ಣದಲ್ಲಿ 90 ಮಿಲಿಗ್ರಾಂ ಸೀಸ. ಮೂರು ಎಳ್ಳುಕಾಳಿನಷ್ಟು ತೂಗುವ, 10 ಮಿಲಿಗ್ರಾಮಿನ ಬಣ್ಣದ ಚಕ್ಕೆಯೊಂದನ್ನು ಮಗು ನುಂಗಿತು ಎನ್ನಿ. ಬಣ್ಣ ಮಿತಿಯೊಳಗಿದ್ದರೆ ಒಳಗೆ ಹೋಗುವ ಸೀಸ 0.9 ಮೈಕ್ರೊಗ್ರಾಂ. ಅದೇ ಚಕ್ಕೆಯಲ್ಲಿ ಶೇ 1ರಷ್ಟು ಸೀಸವಿದ್ದರೆ 100 ಮೈಕ್ರೊಗ್ರಾಂ. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಶೇ 1 ಅಪರೂಪವೇನಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಕ್ಕಳಿಗೆ ಆಹಾರದಿಂದ ದಿನಕ್ಕೆ 2.2 ಮೈಕ್ರೊಗ್ರಾಮಿಗಿಂತ ಹೆಚ್ಚು ಸೀಸ ಸೇರದಂತೆ ನೋಡಿಕೊಳ್ಳಬೇಕು ಎಂದು 2022ರಲ್ಲಿ ಗುರುತು ಹಾಕಿಕೊಂಡಿದೆ. ಆ ಲೆಕ್ಕದಲ್ಲಿ ಒಂದೇ ಚಕ್ಕೆಗೆ ಒಂದೂವರೆ ತಿಂಗಳ ಪಾಲು ಮುಗಿದುಹೋಯಿತು. ಈ 2.2 ಕೂಡ ಸುರಕ್ಷಿತ ಮಟ್ಟವೆಂದೇನೂ ಅಲ್ಲ. ಸೀಸಕ್ಕೆ ಅಂಥ ಮಟ್ಟವೊಂದು ಇದುವರೆಗೆ ಸಿಕ್ಕಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ರಕ್ತದ ಸೀಸ ಡೆಸಿಲೀಟರಿಗೆ 2.4ರಿಂದ 10 ಮೈಕ್ರೊಗ್ರಾಮಿಗೆ ಏರುವಾಗ ಮಗುವಿನ ಬುದ್ಧಿಸೂಚ್ಯಂಕ ಸುಮಾರು 3.9 ಅಂಕ ಇಳಿಯುತ್ತದೆ. ಹೆಚ್ಚಿನ ಮಟ್ಟಗಳಲ್ಲಿ ಆಗುವ ಇಳಿಕೆಗಿಂತ ಈ ಕೆಳಗಿನ ಮೆಟ್ಟಿಲುಗಳಲ್ಲಿ ಆಗುವ ಇಳಿಕೆಯೇ ಕಡಿದು. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹತ್ತರಲ್ಲೊಂದು ಪಾಲನ್ನು ಹೀರಿದರೆ ಮಕ್ಕಳ ದೇಹ ಅರ್ಧದ ಹತ್ತಿರ ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಹೆಚ್ಚು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ಜನರಿಗೆ ರಕ್ತಹೀನತೆ ಇದೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಂದಮೇಲೆ ಅಷ್ಟೇ ಸೀಸ ಇಲ್ಲಿಯ ಮಗುವಿಗೆ ಹೆಚ್ಚು ಹಾನಿ ಮಾಡೀತೇ ಹೊರತು ಕಡಿಮೆ ಮಾಡದು.

ಇಷ್ಟೆಲ್ಲ ಗೊತ್ತಿದ್ದೂ ಸೀಸ ಆಟಿಕೆಗೆ ಬರುವುದೇಕೆ? ಬಣ್ಣದ ಸೀಸ ಮಕ್ಕಳಿಗೆ ವಿಷ ಎಂದು ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು ಬರೆದದ್ದು 1904ರಲ್ಲಿ. ಅರಿವಿನ ಕೊರತೆ ಕಾರಣವಲ್ಲ. ಸೀಸ ಉಪಯುಕ್ತ ಮತ್ತು ಅಗ್ಗ ಎಂಬುದೇ ಕಾರಣ. ಸೀಸದ ಕ್ರೋಮೇಟ್ ಕೊಡುವ ಹಳದಿ ಬಿಸಿಲಿಗೆ ಮಂಕಾಗದು, ತೆಳುವಾಗಿ ಬಳಿದರೂ ಕೆಳಗಿನದನ್ನು ಮುಚ್ಚುತ್ತದೆ. ಮಾಲಿಬ್ಡೇಟ್ ಬೆರೆತರೆ ಕಣ್ಣು ಕುಕ್ಕುವ ಕಿತ್ತಳೆ ಸಿಗುತ್ತದೆ. ಎಣ್ಣೆಬಣ್ಣ ಬೇಗ ಒಣಗಲು ಸೀಸ, ಪಿವಿಸಿ ಬಿಸಿಗೆ ಕೆಡದಿರಲು ಸೀಸ, ಅಗ್ಗದ ಒಡವೆ ಸುಲಭವಾಗಿ ಅಚ್ಚಿಗಿಳಿದು ಕೈಗೆ ತೂಕವಾಗಿ ಸಿಗಲು ಸೀಸ. ಎರಡು ಪದರದ ಕೆಲವು ಸ್ಟೀಲ್ ನೀರಿನ ಬಾಟಲಿಗಳಲ್ಲಿ ನಿರ್ವಾತ ಮಾಡಿದ ರಂಧ್ರವನ್ನು ತಳದಲ್ಲಿ ಸೀಸದ ಬೆಸುಗೆಯ ಒಂದು ಚುಕ್ಕೆಯಿಂದ ಮುಚ್ಚಿ, ಮೇಲೊಂದು ಬಿಲ್ಲೆ ಅಂಟಿಸುತ್ತಾರೆ. ಬಿಲ್ಲೆ ಇರುವ ತನಕ ತೊಂದರೆಯಿಲ್ಲ. ನಾಲ್ಕು ಸಲ ನೆಲಕ್ಕೆ ಬಿದ್ದು ಬಿಲ್ಲೆ ಕಳಚಿತೋ, ಚುಕ್ಕೆ ಮಗುವಿನ ಬೆರಳಿಗೆ ಸಿಗುತ್ತದೆ. ಅಮೆರಿಕದಲ್ಲಿ 2022ರಲ್ಲಿ ಇದೇ ಕಾರಣಕ್ಕೆ ಶಿಶುಗಳ ಬಾಟಲಿಗಳನ್ನು ಹಿಂಪಡೆಯಲಾಯಿತು. ಹೊಚ್ಚಹೊಸ ವಸ್ತುವಿನ ಹೊರಮೈಯನ್ನಷ್ಟೇ ನೋಡುವ ಪರೀಕ್ಷೆ ಈ ಚುಕ್ಕೆಯನ್ನು ಎಂದೂ ಕಾಣದು.

ಪ್ರಯೋಗಾಲಯದ ಒಳಗಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಪ್ರಮಾಣಪತ್ರದ ಮೇಲಿನ ಭಕ್ತಿ ತುಸು ಕರಗುತ್ತದೆ. ಬೇಗ ಮುಗಿಯುವ ದಾರಿ ಎಕ್ಸ್‌ಆರ್‌ಎಫ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ. ಎಕ್ಸ್‌ಕಿರಣ ಬಿಟ್ಟರೆ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಮರಳಿ ಸೂಸುತ್ತದೆ. ನಿಮಿಷದೊಳಗೆ ಉತ್ತರ ಬರುತ್ತದೆ, ಆಟಿಕೆಗೆ ಗೀರೂ ಬೀಳದು. ಆದರೆ ಕಿರಣ ತೆಳುವಾದ ಬಣ್ಣವನ್ನು ದಾಟಿ ಕೆಳಗಿನ ಮರ ಅಥವಾ ಪ್ಲಾಸ್ಟಿಕ್ಕಿಗೂ ಇಳಿಯುವುದರಿಂದ ಬಣ್ಣದ ಸೀಸ ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು. ಸಾಲದೆಂಬಂತೆ ಸೀಸದ ಒಂದು ಮುಖ್ಯ ಕಿರಣವೂ ಆರ್ಸೆನಿಕ್‌ನ ಕಿರಣವೂ ಹೆಚ್ಚುಕಡಿಮೆ ಒಂದೇ ಶಕ್ತಿಯವು, 10.5 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನವು. ಪಳಗಿದ ಕೈಗೆ ಮಾತ್ರ ಅವನ್ನು ಬೇರ್ಪಡಿಸಲು ಬರುತ್ತದೆ. ನಿಖರವಾದ ದಾರಿ ಎಂದರೆ ಬಣ್ಣವನ್ನು ಚೂರಿಯಿಂದ ಕೆರೆದು, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಅಳೆಯುವುದು. ಗೊಂಬೆಯ ಕಣ್ಣಿನ ಚುಕ್ಕೆಯಿಂದ ಎಷ್ಟು ಬಣ್ಣ ಕೆರೆಯಲಾದೀತು? ಹತ್ತಾರು ಗೊಂಬೆಗಳನ್ನು ಹಾಳು ಮಾಡಬೇಕು. ಖರ್ಚು ಉಳಿಸಲೆಂದು ಮೂರು ಬಣ್ಣಗಳನ್ನು ಕೂಡಿಸಿ ಒಟ್ಟಿಗೆ ಅಳೆಯುವುದೂ ಉಂಟು. ಆಗ ಒಂದು ಬಣ್ಣದಲ್ಲಿ 240 ಪಿಪಿಎಂ ಇದ್ದು ಉಳಿದೆರಡರಲ್ಲಿ ಸೀಸವೇ ಇಲ್ಲದಿದ್ದರೆ ಸರಾಸರಿ 80 ಬಂದು, ಅಪರಾಧಿ ಮಿತಿಯೊಳಗೆ ನುಸುಳಿಬಿಡುತ್ತಾನೆ. ಮಿತಿಯನ್ನೂ ಮೂರರಿಂದ ಭಾಗಿಸಿ ನೋಡುವ ಪ್ರಾಮಾಣಿಕ ಪ್ರಯೋಗಾಲಯದಲ್ಲಷ್ಟೇ ಅವನು ಸಿಕ್ಕಿಬೀಳುತ್ತಾನೆ.

ಇದಕ್ಕಿಂತ ದೊಡ್ಡ ಗೊಂದಲ 90 ಎಂಬ ಅಂಕಿಯದೇ. ಅಮೆರಿಕದ 90 ಬಣ್ಣದಲ್ಲಿರುವ ಒಟ್ಟು ಸೀಸ. ಭಾರತದ ಆಟಿಕೆ ಮಾನಕ ಐಎಸ್ 9873ರ ಮೂರನೇ ಭಾಗದಲ್ಲೂ 90 ಇದೆ, ಆದರೆ ಅದು ಕರಗಿ ಹೊರಬರುವ ಸೀಸ. ಕೆರೆದ ಪುಡಿಯನ್ನು ಜಠರದ ರಸವನ್ನು ಹೋಲುವ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 37 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಅಲುಗಿಸಿ, ಒಂದು ಗಂಟೆ ಸುಮ್ಮನೆ ಬಿಟ್ಟು, ಆ ಆಮ್ಲಕ್ಕೆ ಎಷ್ಟು ಸೀಸ ಇಳಿಯಿತು ಎಂದು ನೋಡುತ್ತಾರೆ. ಐರೋಪ್ಯ ಒಕ್ಕೂಟದ ದಾರಿಯೂ ಇಂಥದೇ, ಆದರೆ ಮಿತಿ ಬಲು ಬಿಗಿ: ಕೆರೆದು ತೆಗೆಯಬಹುದಾದ ಪದರಕ್ಕೆ 2018ರಿಂದ 23. ಹಾಗಾಗಿ ಮೂರು ಕಡೆಯ ಪ್ರಮಾಣಪತ್ರಗಳಲ್ಲಿ 'ತೇರ್ಗಡೆ' ಎಂಬ ಒಂದೇ ಮಾತಿದ್ದರೂ ಅದರ ತೂಕ ಮೂರು ಬಗೆ. ದೇಹ ಹೀರುವುದು ಕರಗಿದ ಸೀಸವನ್ನು ಮಾತ್ರ, ಆದ್ದರಿಂದ ಕರಗುವಿಕೆಯ ಪರೀಕ್ಷೆಯೇ ವೈಜ್ಞಾನಿಕ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಒಟ್ಟು ಸೀಸದ ಅಳತೆಯೇ ನಮಗೆ ಹೆಚ್ಚು ಒಗ್ಗುತ್ತದೆ ಎಂದು ನನಗನ್ನಿಸುತ್ತದೆ. ಮಗುವಿನ ಹೊಟ್ಟೆಯಲ್ಲಿ ಚಕ್ಕೆ ಎರಡೇ ಗಂಟೆ ಇರುತ್ತದೆಂದು ಬರೆದುಕೊಟ್ಟವರಾರು? ಬಿಸಿಲಿಗೆ, ಜೊಲ್ಲಿಗೆ ಸವೆದ ಹಳೆಯ ಬಣ್ಣ ಹೊಸದರಂತೆಯೇ ನಡೆದುಕೊಳ್ಳುತ್ತದೆ ಎಂಬ ಖಾತರಿಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟು ಸೀಸವನ್ನು ಅಂದಾಜು ಮಾಡಲು ಸಂತೆಯ ನಡುವೆ ನಿಂತ ಅಧಿಕಾರಿಯ ಕೈಯಲ್ಲಿರುವ ಯಂತ್ರ ಸಾಕು. ಕರಗುವ ಸೀಸಕ್ಕೆ ಪ್ರಯೋಗಾಲಯವೇ ಬೇಕು. ಜಾರಿ ಮಾಡಲು ಆಗದ ನಿಖರತೆಗಿಂತ ಬೀದಿಯಲ್ಲಿ ಬಳಸಬಹುದಾದ ಒರಟು ಅಳತೆ ಮೇಲು.

ಕಾನೂನು ಹೇಗೆ ಸಿದ್ಧ ವಸ್ತುವಿನ ಪರೀಕ್ಷೆ ಎಂಬ ಮಧ್ಯದ ಕೊಂಡಿಗೆ ಅಂಟಿಕೊಂಡಿತು ಎಂಬುದಕ್ಕೆ ಅಮೆರಿಕದ ಕಥೆಯೇ ಸಾಕ್ಷಿ. 2007ರ ಜೂನ್‌ನಲ್ಲಿ ಥಾಮಸ್ ರೈಲಿನ ಮರದ ಆಟಿಕೆಗಳು, ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿಯ ಗೊಂಬೆಗಳು, ತಲಾ 15 ಲಕ್ಷದಷ್ಟು, ಸೀಸದ ಬಣ್ಣದ ಕಾರಣಕ್ಕೆ ವಾಪಸಾದವು. ಎರಡೂ ಚೀನಾದಲ್ಲಿ ತಯಾರಾದವು. ಎರಡನೆಯ ಪ್ರಕರಣದಲ್ಲಿ ವಿಷ ಸೇರಿದ್ದು ಗೊಂಬೆಯ ಕಾರ್ಖಾನೆಯಲ್ಲಲ್ಲ, ಅದಕ್ಕೆ ಬಣ್ಣ ಒದಗಿಸಿದವನು ನಕಲಿ ದಾಖಲೆ ನಂಬಿ ತಂದ ಹಳದಿ ಪುಡಿಯಲ್ಲಿ ಎಂದು ಆಗಿನ ವರದಿಗಳು ಹೇಳಿದವು. ಪಾಠ ಇದ್ದದ್ದು ಆ ಪುಡಿಯ ಮೂಟೆಯಲ್ಲಿ. 2008ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ಮಿತಿಗಳನ್ನು ಬಿಗಿಗೊಳಿಸಿದ್ದು ಸರಿಯಾಗಿಯೇ ಇತ್ತು: ಬಣ್ಣಕ್ಕೆ 600ರಿಂದ 90, ಉಳಿದ ಭಾಗಗಳಿಗೆ ಹಂತಹಂತವಾಗಿ 2011ರ ಹೊತ್ತಿಗೆ 100 ಪಿಪಿಎಂ. ಆದರೆ ಪ್ರತಿಯೊಂದು ಸಿದ್ಧ ವಸ್ತುವನ್ನೂ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಎಂಬ ಷರತ್ತು ಮನೆಯಲ್ಲಿ ಹೊಲಿದು ಕೆತ್ತಿ ಮಾರುವವರ ಕುತ್ತಿಗೆಗೆ ಬಂತು. ಲಕ್ಷ ಗೊಂಬೆ ಮಾಡುವವನಿಗೆ ಪರೀಕ್ಷೆಯ ಶುಲ್ಕ ಗೊಂಬೆಗೆ ಪೈಸೆ ಲೆಕ್ಕ; ಇಪ್ಪತ್ತು ಮಾಡುವವನಿಗೆ ಗೊಂಬೆಯ ಬೆಲೆಗಿಂತ ಹೆಚ್ಚು. ಜರ್ಮನಿಯ ಮರದಾಟಿಕೆ ಕಂಪನಿ ಸೆಲೆಕ್ಟ ಅಮೆರಿಕದ ಮಾರುಕಟ್ಟೆಯನ್ನೇ ಬಿಟ್ಟುಹೋಯಿತು. ಮಕ್ಕಳ ಪುಸ್ತಕಗಳಿಗೂ ಕಾಯ್ದೆ ತಾಗಿ, 1985ಕ್ಕಿಂತ ಹಿಂದೆ ಅಚ್ಚಾದವನ್ನು ಏನು ಮಾಡಬೇಕೆಂದು ಗ್ರಂಥಾಲಯಗಳು ತಲೆ ಕೆರೆದುಕೊಂಡವು. ತಮಾಷೆಯೋ ದುರಂತವೋ, ಈ ಗದ್ದಲಕ್ಕೆ ಕಾರಣಗಳಲ್ಲಿ ಒಂದಾಗಿದ್ದ ಮ್ಯಾಟೆಲ್ ತನ್ನ ಆಟಿಕೆಗಳನ್ನು ತನ್ನವೇ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿಕೊಳ್ಳಲು 2009ರಲ್ಲಿ ಅನುಮತಿ ಪಡೆಯಿತು. 2011ರ ತಿದ್ದುಪಡಿ ಸಾಮಾನ್ಯ ಪುಸ್ತಕಗಳನ್ನು ಬಿಟ್ಟಿತು, ಸಣ್ಣ ತಯಾರಕರಿಗೆ ಸಡಿಲಿಕೆ ತಂದಿತು. ಅದೇ ಹೊತ್ತಿಗೆ ಇನ್ನೊಂದು ನಿಯಮ ರೂಪುಗೊಂಡಿತು: ಬಣ್ಣ, ಗುಂಡಿ, ಜಿಪ್ ಮುಂತಾದ ಬಿಡಿಭಾಗವನ್ನು ಮಾರುವವನೇ ಪರೀಕ್ಷೆ ಮಾಡಿಸಿದ್ದರೆ ಕೊಂಡವನು ಆ ವರದಿಯನ್ನು ಬಳಸಬಹುದು. ಇಡೀ ಸುಧಾರಣೆಯಲ್ಲಿ ಬುದ್ಧಿವಂತಿಕೆಯ ಮಾತು ಇದೊಂದೇ ಎಂದರೂ ಅತಿಶಯವಾಗದು.

ಭಾರತ ಈ ಹಾದಿಗೆ ತಡವಾಗಿ ಬಂತು. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ದೆಹಲಿ ಸುತ್ತಮುತ್ತಲ ಮಾರುಕಟ್ಟೆಗಳಿಂದ ತಂದ ಆಮದು ಆಟಿಕೆಗಳಲ್ಲಿ ಸುಮಾರು ಮೂರನೇ ಎರಡರಷ್ಟು ಸುರಕ್ಷತಾ ಪರೀಕ್ಷೆಯಲ್ಲಿ ಸೋತವು. ಮರುವರ್ಷ ಗುಣಮಟ್ಟ ನಿಯಂತ್ರಣ ಆದೇಶ ಹೊರಟು, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಆಮದು ಸುಂಕವೂ ಶೇ 20ರಿಂದ 60ಕ್ಕೆ, ಮುಂದೆ 70ಕ್ಕೆ ಏರಿತು. ಸುರಕ್ಷತೆಯ ಕಾನೂನೂ ಸ್ವದೇಶಿ ಉದ್ಯಮದ ಹಿತವೂ ಒಂದೇ ಬಂಡಿಯಲ್ಲಿ ಬಂದವು ಎಂಬುದನ್ನು ಮುಚ್ಚಿಡಬೇಕಿಲ್ಲ. ಅದರಿಂದ ಕಾನೂನು ಕೆಟ್ಟದಾಗುವುದಿಲ್ಲ, ಆದರೆ ಅದರ ಕಣ್ಣು ಎತ್ತ ನೆಟ್ಟಿದೆ ಎಂದು ತಿಳಿಯುತ್ತದೆ. 2023ರ ಜನವರಿಯಲ್ಲಿ ಮಾನಕ ಬ್ಯೂರೊ ದೊಡ್ಡ ಅಂಗಡಿಗಳ ಮೇಲೆ ದಾಳಿ ಮಾಡಿ, ತಿಂಗಳೊಂದರಲ್ಲಿ 18,600 ಆಟಿಕೆಗಳನ್ನು ವಶಪಡಿಸಿಕೊಂಡಿದ್ದಾಗಿ ಹೇಳಿತು. ಸುದ್ದಿಯಾದದ್ದು ಮುದ್ರೆ ಇಲ್ಲ, ಪರವಾನಗಿ ಇಲ್ಲ ಎಂಬ ಅಪರಾಧ. ಆ ಆಟಿಕೆಗಳಲ್ಲಿ ಏನಿತ್ತು ಎಂಬುದು ಸುದ್ದಿಯಾಗಲಿಲ್ಲ. ಮಾನಕದ ವ್ಯಾಪ್ತಿಯಾದರೂ ಆಡುವ ವಸ್ತುವಿಗೆ ಸೀಮಿತ. ಮಗುವಿನ ಅಗ್ಗದ ಸರ, ಬಳೆ, ಸಾರ್ವಜನಿಕ ಉದ್ಯಾನದ ಜಾರುಬಂಡೆ ಅದರೊಳಗೆ ಬರುವುದಿಲ್ಲ; ಶಾಲೆಯ ಚೀಲ, ನೀರಿನ ಬಾಟಲಿಗಳನ್ನು ಯಾರೂ ಆಟಿಕೆ ಎನ್ನುವುದಿಲ್ಲ. ಮನೆಗೆ ಬಳಿಯುವ ಬಣ್ಣಕ್ಕೆ 2017ರ ನವೆಂಬರ್‌ನಿಂದ 90 ಪಿಪಿಎಂ ಮಿತಿಯಿದೆ, ಕೈಗಾರಿಕಾ ಬಣ್ಣಕ್ಕೆ ಆ ನಿಯಮ ಅನ್ವಯಿಸದು. ಜಾರುಬಂಡೆಗೆ ಬಳಿಯಲು ಗುತ್ತಿಗೆದಾರ ಯಾವ ಡಬ್ಬಿ ತಂದ ಎಂದು ಕೇಳುವವರೂ ಇಲ್ಲ.

ಕರ್ನಾಟಕಕ್ಕೆ ಈ ಪ್ರಶ್ನೆ ಚನ್ನಪಟ್ಟಣದ ಮೂಲಕ ಬರುತ್ತದೆ. ಭೌಗೋಳಿಕ ಗುರುತು ಪಡೆದ ವಸ್ತುಗಳ ನೋಂದಾಯಿತ ತಯಾರಕರಿಗೂ ಕರಕುಶಲ ಆಯುಕ್ತರ ಬಳಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೂ ಐಎಸ್‌ಐ ಮುದ್ರೆಯಿಂದ ವಿನಾಯಿತಿ ಇದೆ. ಸರಿಯಾದ ನಿರ್ಧಾರವೇ. ಹಾಲೆಮರದ ತುಂಡನ್ನು ತಿರುಗಣಿಗೆ ಕಟ್ಟಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಬಳಿಕ ಗರಿಯೊಂದನ್ನು ಹಿಡಿದು ಉಜ್ಜಿದರೆ ಮೆರುಗು ಬರುತ್ತದೆ. ಮರದಲ್ಲಾಗಲೀ ಅರಗಿನಲ್ಲಾಗಲೀ ಸೀಸವನ್ನು ಹುಡುಕುವುದು ದಂಡ. ಇಡೀ ಪ್ರಶ್ನೆ ಆ ಕಡ್ಡಿಯೊಳಗಿನ ಬಣ್ಣದ ಪುಡಿಯದು: ಅರಿಸಿನ, ನೀಲಿಯಂಥ ಸಸ್ಯಜನ್ಯ ಬಣ್ಣವೋ, ಅಂಗಡಿಯಿಂದ ತಂದ ಹೆಸರಿಲ್ಲದ ಹಳದಿಯೋ. ಗೊಂಬೆಗೆ ವಿನಾಯಿತಿ ಕೊಟ್ಟ ಕಾನೂನು ಪುಡಿಯನ್ನು ಕೇಳಲು ಮರೆತಿದೆ. ಒಂದು ಮೂಟೆ ಬಣ್ಣದಿಂದ ಸಾವಿರಾರು ಬುಗುರಿ, ಗಿಲಕಿ, ಬಂಡಿಗಳಾಗುತ್ತವೆ. ಆ ಮೂಟೆಯನ್ನು ಊರಿನ ಸಾಮಾನ್ಯ ಸೌಲಭ್ಯ ಕೇಂದ್ರದಲ್ಲಿ ಒಮ್ಮೆ ಪರೀಕ್ಷಿಸಿದರೆ ಕುಶಲಕರ್ಮಿಗೆ ಒಂದು ರೂಪಾಯಿಯ ಹೊರೆಯೂ ಬೀಳದೆ ಎಲ್ಲ ಗೊಂಬೆಗಳ ಮಾತೂ ಮುಗಿಯುತ್ತದೆ. ಬಣ್ಣ ಬಳಿದೇ ಮಾಡುವ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅದೇ ಜಿಲ್ಲೆಯಲ್ಲಿ ಆಟಿಕೆ ಕಾರ್ಖಾನೆಗಳ ದೊಡ್ಡ ಸಮುಚ್ಚಯವೂ ಎದ್ದಿದೆ. ಅಮೆರಿಕ, ಯುರೋಪಿಗೆ ಹೋಗುವ ಆಟಿಕೆ ಅಲ್ಲಿಯ ಮಿತಿಗಳನ್ನು ಪಾಲಿಸಲೇಬೇಕು. ನಮ್ಮ ಕಾರ್ಖಾನೆಗಳೇ ಹೊರದೇಶದ ಮಗುವಿಗೆ 23 ಎಂದೂ ಇಲ್ಲಿಯ ಮಗುವಿಗೆ 90 ಎಂದೂ ಎರಡು ಅಳತೆಗೋಲು ಇಟ್ಟುಕೊಳ್ಳುವುದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ.

ಇಷ್ಟಕ್ಕೂ ಆಟಿಕೆಯ ಸೀಸ ಅಷ್ಟು ದೊಡ್ಡ ವಿಷಯವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರ ದುಡಿಮೆಯಿಂದ, ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನರ ರಕ್ತದಲ್ಲಿ 10 ಮೈಕ್ರೊಗ್ರಾಂ ಅಥವಾ ಮೇಲ್ಪಟ್ಟು ಸೀಸವಿತ್ತು. ಅಂದಿನ ಮುಖ್ಯ ಮೂಲ ಗೊಂಬೆಯಲ್ಲ, ಪೆಟ್ರೋಲು. 2000ದಲ್ಲಿ ಸೀಸಸಹಿತ ಪೆಟ್ರೋಲು ನಿಂತಿತು. ಆದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ, ಭಾರತದಲ್ಲಿ 5 ಮೈಕ್ರೊಗ್ರಾಂ ದಾಟಿದ ಮಕ್ಕಳು 27.5 ಕೋಟಿಯಷ್ಟು ಎಂದು ಅಂದಾಜು ಮಾಡಿತು. ಹಳೆ ಬ್ಯಾಟರಿ ಕರಗಿಸುವ ಗೂಡು, ಕಲಬೆರಕೆ ಮಸಾಲೆ, ಪಾತ್ರೆ, ಕೆಲವು ಬಗೆಯ ಸುರ್ಮಾ, ಕುಂಕುಮ ಎಲ್ಲ ಸಂದೇಹದ ಪಟ್ಟಿಯಲ್ಲಿವೆ. ಇವುಗಳ ಮುಂದೆ ಆಟಿಕೆ ಚಿಕ್ಕದೇ ಇರಬಹುದು. ಆದರೆ ಈ ಪಟ್ಟಿ ನನ್ನ ವಾದವನ್ನು ಕೆಡವುವ ಬದಲು ಅದಕ್ಕೆ ಆನಿಕೆಯಾಗುತ್ತದೆ. ಆಟಿಕೆಯ ಹಳದಿಗೂ ಅರಿಸಿನದ ಕಲಬೆರಕೆಗೂ ಕಾರಣ ಅದೇ ಸೀಸದ ಕ್ರೋಮೇಟ್. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಸಿಕ್ಕಿತ್ತು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಅಲ್ಲಿ ಪ್ರತಿ ಪೊಟ್ಟಣಕ್ಕೂ ಪ್ರಮಾಣಪತ್ರ ಅಂಟಿಸಲಿಲ್ಲ. ಎಕ್ಸ್‌ಆರ್‌ಎಫ್ ಯಂತ್ರ ಹಿಡಿದು ಸಗಟು ಮಾರುಕಟ್ಟೆಗೆ ನುಗ್ಗಿದರು, ಸರಕು ಜಪ್ತಿ ಮಾಡಿ ದಂಡ ಹಾಕಿದರು, ಅದನ್ನು ಊರೆಲ್ಲ ಸಾರಿದರು. ಬಣ್ಣದ ಪುಡಿಯ ಸಗಟು ವ್ಯಾಪಾರದ ಮೇಲೆ ಅಂಥ ಕಣ್ಣಿಟ್ಟರೆ ಆಟಿಕೆ, ಮಸಾಲೆ, ಜಾರುಬಂಡೆ ಮೂರಕ್ಕೂ ಒಮ್ಮೆಗೇ ಲಾಭ.

ಅನಿರೀಕ್ಷಿತ ತಪಾಸಣೆ ಎಂದೊಡನೆ ಇನ್‌ಸ್ಪೆಕ್ಟರ್ ರಾಜ್ಯದ ಭಯ ಏಳುತ್ತದೆ, ಅದು ಸುಳ್ಳು ಭಯವೇನಲ್ಲ. ಆದರೆ ಕಾಗದದ ವ್ಯವಸ್ಥೆ ಲಂಚಕ್ಕೆ ಹೊರತೇ? ಪರವಾನಗಿ ಕೊಡುವ ಮೇಜಿನ ಮುಂದೆ ಪ್ರತಿಯೊಬ್ಬ ತಯಾರಕನೂ ನಿಲ್ಲಲೇಬೇಕು. ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡು ತಂದ ವಸ್ತುವನ್ನು, ಯಾರದೆಂದು ತಿಳಿಯದಂತೆ ಸಂಖ್ಯೆ ಹಾಕಿ, ಎರಡು ಪ್ರಯೋಗಾಲಯಗಳಿಗೆ ಕಳಿಸಿ, ಫಲಿತಾಂಶವನ್ನು ಬ್ರ್ಯಾಂಡಿನ ಹೆಸರಿನೊಂದಿಗೆ ಪ್ರಕಟಿಸಿದರೆ ತಪಾಸಕನ ಕೈಗೆ ಮಾರಾಟದ ಸರಕು ಸಿಗುವುದೇ ಕಷ್ಟ. ಇದನ್ನೆಲ್ಲ ಪೋಷಕರಿಗೇ ಬಿಡಬಹುದಲ್ಲ, ಮನೆಯಲ್ಲೇ ಉಜ್ಜಿ ನೋಡುವ ಕಿಟ್‌ಗಳಿವೆಯಲ್ಲ ಎನ್ನುವವರೂ ಇದ್ದಾರೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2007ರಲ್ಲಿ ಅವುಗಳನ್ನು ಪರೀಕ್ಷೆಗೊಡ್ಡಿದಾಗ 104 ಫಲಿತಾಂಶಗಳಲ್ಲಿ 56, ಸೀಸವಿದ್ದಾಗಲೂ ಇಲ್ಲ ಎಂದಿದ್ದವು. ಮೇಲೆ ಸೀಸವಿಲ್ಲದ ಪದರವೊಂದಿದ್ದರಂತೂ ಯಾವ ಕಿಟ್ಟನ್ನೂ ನೆಚ್ಚುವಂತಿರಲಿಲ್ಲ. ಪೋಷಕರು ಮಾಡಬಹುದಾದದ್ದು ಇಷ್ಟೇ: ಬಣ್ಣ ಏಳುತ್ತಿರುವ ಹಳೆಯ ಆಟಿಕೆಯನ್ನೂ ಭಾರವಾದ ಅಗ್ಗದ ಒಡವೆಯನ್ನೂ ಪುಟ್ಟ ಮಗುವಿನಿಂದ ದೂರವಿಡುವುದು, ಊಟಕ್ಕೆ ಮುಂಚೆ ಕೈ ತೊಳೆಸುವುದು.

ಈ ಎಲ್ಲ ಪರೀಕ್ಷೆಗಳೂ ಸರಿಯಾಗಿ ನಡೆದವೇ ಎಂದು ತಿಳಿಯಲು ಒಂದೇ ದಾರಿ ಮಗುವಿನ ರಕ್ತ. ಅಮೆರಿಕದಲ್ಲಿ ವೈದ್ಯರು ಎಚ್ಚೆತ್ತುಕೊಳ್ಳಬೇಕಾದ ಮಟ್ಟವನ್ನು 2012ರಲ್ಲಿ 5ಕ್ಕೂ 2021ರಲ್ಲಿ 3.5 ಮೈಕ್ರೊಗ್ರಾಮಿಗೂ ಇಳಿಸಿದರು. ಹಾಗೆ ಇಳಿಸಲು ಆದದ್ದು ದೇಶದ ಮಕ್ಕಳ ರಕ್ತವನ್ನು ದಶಕಗಟ್ಟಲೆ ಅಳೆದು ಲೆಕ್ಕ ಇಟ್ಟಿದ್ದರಿಂದ. ಭಾರತದಲ್ಲಿ ಅಂಥ ನಿಯಮಿತ ಅಳತೆಯಿಲ್ಲ, 27.5 ಕೋಟಿ ಎಂಬುದು ಕೂಡ ಲೆಕ್ಕಾಚಾರದಿಂದ ಬಂದ ಅಂದಾಜು. ಅಂಗನವಾಡಿಯಲ್ಲೂ ಶಾಲೆಯಲ್ಲೂ ರಕ್ತಹೀನತೆ ನೋಡಲೆಂದು ಮಕ್ಕಳ ಬೆರಳು ಚುಚ್ಚುವುದು ಈಗಾಗಲೇ ನಡೆದಿದೆ. ಬೆರಳ ತುದಿಯ ಒಂದೆರಡು ಹನಿಯಲ್ಲಿ ಕೆಲವೇ ನಿಮಿಷಗಳಲ್ಲಿ ಸೀಸ ಅಳೆಯುವ ಸಣ್ಣ ಯಂತ್ರಗಳೂ ಇವೆ. ಪ್ರತಿ ಜಿಲ್ಲೆಯಲ್ಲಿ ಕೆಲವು ಅಂಗನವಾಡಿಗಳನ್ನು ಆರಿಸಿಕೊಂಡು ಅದೇ ಚುಚ್ಚಿಗೆ ಇನ್ನೊಂದು ಹನಿ ತೆಗೆದು, ಹೆಚ್ಚು ಕಂಡ ಮಗುವಿನ ಮನೆಗೆ ಎಕ್ಸ್‌ಆರ್‌ಎಫ್ ಯಂತ್ರದೊಂದಿಗೆ ಹೋಗಿ ಗೊಂಬೆ, ಪಾತ್ರೆ, ಗೋಡೆ, ಅರಿಸಿನದ ಡಬ್ಬಿಯನ್ನು ಒಂದೊಂದಾಗಿ ನೋಡಿದರೆ, ಮುಂದಿನ ವರ್ಷ ಮಾರುಕಟ್ಟೆಯಲ್ಲಿ ಯಾವ ವಸ್ತುವನ್ನು ಮೊದಲು ಪರೀಕ್ಷೆಗೆ ಎತ್ತಿಕೊಳ್ಳಬೇಕು ಎಂಬ ಪಟ್ಟಿ ಅಲ್ಲೇ ಸಿಗುತ್ತದೆ.